ಹೊತ್ತು ಮುಳುಗುವುದರೊಳಗೆ

"ಕೈ ತೆಗಿ!" ಎಂದು ಅವಳು ಕಿರುಚಿದ ರಭಸಕ್ಕೆ ಮಗಳು ಹಿಡಿದ ಅಂಗಿಯನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಹಾರಿದಳು.

"ಏನಮ್ಮಾ, ಜೀವ ಹೋಯ್ತು ನಂದು!"

"ಹೋಗೋದ್ರಲ್ಲೇ ಇತ್ತು. ಇದೇನಿದು?"

ಇಸ್ತ್ರಿ ಯಂತ್ರದ ಎಡಗಡೆಯ ಗುಂಡಿಯ ಸಂದಿಗೆ ಯಾರೋ ರಟ್ಟಿನ ಚೂರೊಂದನ್ನು ಮಡಚಿ ಮಡಚಿ ತುರುಕಿದ್ದರು. ಅದು ಜಾರದಿರಲೆಂದು ಮೇಲೆ ಅಂಟುಪಟ್ಟಿ ಬೇರೆ ಸುತ್ತಿದ್ದರು. ಗುಂಡಿ ಸದಾ ಒತ್ತಿಕೊಂಡೇ ಇತ್ತು. ಅವಳು ಬಲಗೈಯ ಉಗುರಿನಿಂದ ಅಂಟುಪಟ್ಟಿಯನ್ನು ಕೆರೆದು ಕಿತ್ತಳು. ಎಡಗೈ ಸಹಾಯಕ್ಕೆ ಬರುವ ಹಾಗಿರಲಿಲ್ಲ. ಅದಕ್ಕೆ ಬಿಳಿ ಹತ್ತಿಯ ಗ್ಲೌಸು ಹಾಕಿತ್ತು.

"ಚಿಕ್ಕಪ್ಪ ಇಟ್ಟುಕೊಟ್ಟಿದ್ದು," ಎಂದಳು ಮಗಳು. "ಹೀಗಾದ್ರೆ ಒಂದು ಕೈಲಿ ಬಟ್ಟೆ ನೆಟ್ಟಗೆ ಮಾಡ್ತಾ ಇನ್ನೊಂದು ಕೈಲಿ ಒತ್ತಬಹುದು, ಕೆಲಸ ಬೇಗ ಸಾಗುತ್ತೆ ಅಂದ್ರು. ಗಮನ ಇಟ್ಟು ಮಾಡು, ನಿಮ್ಮಮ್ಮನ ಹಾಗೆ ಗಡಿಬಿಡಿ ಮಾಡ್ಕೋಬೇಡ, ಅಷ್ಟೇ ಅಂದ್ರು."

ನಿಮ್ಮಮ್ಮನ ಹಾಗೆ! ಅವಳಿಗೆ ತಲೆಯೊಳಗೆ ಉಗಿ ತುಂಬಿದಂತಾಯಿತು.

ಆ ಯಂತ್ರವನ್ನು ಮಾಡಿದವನು ದಡ್ಡನಲ್ಲ. ಕೆಳಗೆ ದಪ್ಪ ಬಟ್ಟೆ ಹೊದಿಸಿದ ಹಲಗೆ, ಮೇಲೆ ಕಾದ ಕಬ್ಬಿಣದ ಮುಚ್ಚಳ. ಮುಚ್ಚಳ ಕೆಳಗಿಳಿಯಬೇಕಾದರೆ ಆಚೆಗೊಂದು ಈಚೆಗೊಂದು ಇರುವ ಎರಡು ಗುಂಡಿಗಳನ್ನು ಒಟ್ಟಿಗೇ ಒತ್ತಬೇಕು. ಎರಡು ಕೈಗಳೂ ಗುಂಡಿಯ ಮೇಲಿದ್ದರೆ ಮುಚ್ಚಳದ ಕೆಳಗೆ ಸಿಕ್ಕಿಕೊಳ್ಳಲು ಮೂರನೆಯ ಕೈ ಎಲ್ಲಿಂದ ಬರಬೇಕು? ಆದರೆ ಅವಸರದ ಮನುಷ್ಯನಿಗೆ ಎರಡು ಕೈಯ ಕೆಲಸ ದಂಡ ಅನ್ನಿಸುತ್ತದೆ. ಹೋದ ವರ್ಷ ಮೈದುನನಿಗೆ ಹಾಗನ್ನಿಸಿತ್ತು. ಎಡಗಡೆಯ ಗುಂಡಿಗೆ ಹೀಗೇ ರಟ್ಟು ತುರುಕಿ, ಕೆಲಸ ಮಾಡಿ, ತೆಗೆಯದೆ ಊಟಕ್ಕೆ ಎದ್ದು ಹೋದ. ಆಮೇಲೆ ಬಂದವಳು ಅವಳು. ಎಡಗೈಯಿಂದ ಕಾಲರು ಸರಿಪಡಿಸುತ್ತ ಬಲಗೈಯನ್ನು ಗುಂಡಿಯ ಮೇಲೆ ಊರಿದಳು, ಅಷ್ಟೆ. ಓಡಿಬಂದು ಮುಚ್ಚಳ ಎತ್ತಿದವನೂ ಮೈದುನನೇ. ಅದನ್ನು ಅವಳು ಎಂದೂ ಇಲ್ಲವೆಂದಿಲ್ಲ. ಆದರೆ ಎತ್ತಿದ ಮರುಗಳಿಗೆಯಲ್ಲಿ ರಟ್ಟನ್ನು ಕಿತ್ತು ಜೇಬಿಗಿಳಿಸಿದ್ದನ್ನೂ ಅವಳು ಕಣ್ಣಾರೆ ಕಂಡಿದ್ದಳು.

ಈಗ ಆ ಕೈಯ ಎರಡು ಬೆರಳು ಮಡಚುವುದಿಲ್ಲ. ಮಗಳು ಆಗ ಓದಲು ಬೇರೆ ಊರಿನಲ್ಲಿದ್ದಳು. ಅಮ್ಮನ ಕೈ ಅಮ್ಮನದೇ ಅಜಾಗರೂಕತೆಯಿಂದ ಸುಟ್ಟುಹೋಯಿತು ಎಂದು ಅಪ್ಪ ಫೋನಿನಲ್ಲಿ ಹೇಳಿದ್ದನ್ನು ಕೇಳಿಕೊಂಡವಳು. ಓದು ಮುಗಿಸಿ ಬಂದು ಈ ವಾರ ಇಸ್ತ್ರಿ ಕೋಣೆಗೆ ಕಾಲಿಟ್ಟಿದ್ದಳು.

"ಇನ್ಮೇಲೆ ನಾನು ಹೇಳೋ ತನಕ ಈ ಯಂತ್ರ ಮುಟ್ಟಬೇಡ," ಎಂದಳು ಅವಳು.

"ಗಮನ ಇಟ್ಟು ಮಾಡಿದ್ರೂನಾ?"

"ನಾನೇನು ಗಮನ ಬಿಟ್ಟು ಕೈ ಇಟ್ಟಿದ್ದೆ ಅಂದ್ಕೊಂಡಿದ್ದೀಯಾ?"

ಮಗಳು ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳು ರಟ್ಟನ್ನು ಮುಷ್ಟಿಯಲ್ಲಿ ಹಿಡಿದು ಲಾಂಡ್ರಿ ಅಂಗಡಿಯ ಮುಂಭಾಗಕ್ಕೆ ನಡೆದಾಗಿತ್ತು.

ಅಲ್ಲಿ ಗಂಡ ಟೀಚರಮ್ಮನೊಬ್ಬರ ಉಣ್ಣೆ ಕೋಟನ್ನು ಬೆಳಕಿಗೆ ಹಿಡಿದು, ಹೋಗದ ಕಲೆಯೊಂದರ ಬಗ್ಗೆ ಎಷ್ಟು ನಯವಾಗಿ ವಿವರಿಸುತ್ತಿದ್ದನೆಂದರೆ, ಬಯ್ಯಲು ಬಂದಿದ್ದ ಟೀಚರಮ್ಮ ಪಾಪ ತಾವೇ ಕ್ಷಮೆ ಕೇಳುವ ಸ್ಥಿತಿಗೆ ಬಂದಿದ್ದರು. ಗಿರಾಕಿಗಳೂ ಚರ್ಚಿನ ಸಭೆಯವರೂ ಅವನಿಗೆ ಶಾಂತಮೂರ್ತಿ ಎಂದು ಹೆಸರಿಟ್ಟಿದ್ದರು. ತಮಾಷೆಗೆ ಶುರುವಾದದ್ದು ಈಗ ಗೌರವಕ್ಕೆ ತಿರುಗಿತ್ತು. ಸಭೆಯಲ್ಲಿ ಯಾರ ಜೊತೆ ಯಾರು ಜಗಳವಾಡಿದರೂ ಪಾದ್ರಿಗಳು ಇವನನ್ನೇ ಕಳಿಸುತ್ತಿದ್ದರು.

ಅವಳು ರಟ್ಟನ್ನು ಕೋಟಿನ ಮೇಲೆ ಇಟ್ಟಳು.

"ನಿಮ್ಮ ತಮ್ಮ ಮತ್ತೆ ಇಟ್ಟಿದ್ದಾನೆ. ಈ ಸಲ ನಿಮ್ಮ ಮಗಳ ಕೈಗೆ."

ಗಂಡ ರಟ್ಟನ್ನು ನೋಡಿದ. ಟೀಚರಮ್ಮನನ್ನು ನೋಡಿ ನಕ್ಕ. "ಆಮೇಲೆ ಮಾತಾಡೋಣ," ಎಂದ.

"ಆಮೇಲೆ ಅಂದ್ರೆ ಯಾವಾಗ? ಹೊತ್ತು ಮುಳುಗೋಕೆ ಐದು ನಿಮಿಷ ಇರೋವಾಗ್ಲಾ?"

"ಗಿರಾಕಿ ಇದ್ದಾರೆ ಕಣೇ."

"ಇರಲಿ, ಇರಲಿ, ನನಗೇನೂ ಅವಸರ ಇಲ್ಲ," ಎಂದರು ಟೀಚರಮ್ಮ, ಕೋಟನ್ನು ಎಳೆದುಕೊಳ್ಳದೆ, ಕಿವಿಯನ್ನು ಮಾತ್ರ ಇನ್ನಷ್ಟು ಹತ್ತಿರ ತಂದು.

ಈ ಮನೆಯ ಶಾಂತಿಯ ಬಗ್ಗೆ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಹೇಳದಿದ್ದರೆ ಅವಳು ಸಿಡುಕಿ ಎಂದು ನಿಮಗೂ ಅನ್ನಿಸಿಬಿಟ್ಟೀತು. ಅನ್ನಿಸಿದವರು ಬೇಕಾದಷ್ಟು ಜನ ಇದ್ದಾರೆ.

ಲಾಂಡ್ರಿಯನ್ನು ಕಟ್ಟಿದ ಮಾವನವರು ದೊಡ್ಡ ಭಕ್ತರು. ದೊಡ್ಡ ಕೋಪಿಷ್ಠರೂ ಹೌದು. ಹೊತ್ತು ಮುಳುಗುವುದರೊಳಗೆ ಕೋಪ ಇಳಿಯಬೇಕು ಎಂಬ ಬೈಬಲಿನ ಅಪೊಸ್ತಲನ ಮಾತನ್ನು ಅವರು ಒಮ್ಮೆ ಕೇಳಿ, ಅಂಗಡಿಯ ಬಾಗಿಲು ಹಾಕುವ ಹೊತ್ತಿನಷ್ಟೇ ಕರಾರುವಾಕ್ಕಾಗಿ ಪಾಲಿಸತೊಡಗಿದರು. ಮಹಡಿಯ ಮೇಲಿನ ಊಟದ ಕೋಣೆಗೆ ಪಶ್ಚಿಮಕ್ಕೊಂದು ಕಿಟಕಿ. ಸೂರ್ಯ ಎದುರು ಕಟ್ಟಡದ ಹಿಂದೆ ಇಳಿಯುವ ಹೊತ್ತಿಗೆ ಮನೆಯವರೆಲ್ಲ ಮೇಜಿನ ಸುತ್ತ ನಿಲ್ಲಬೇಕು. ಅವತ್ತು ಯಾರಿಗೆ ಯಾರ ಮೇಲೆ ಕೋಪವಿದೆಯೋ ಅವರು ಕೈ ಹಿಡಿದು "ಸಮಾಧಾನ" ಎನ್ನಬೇಕು. ಎದುರಿನವರೂ "ಸಮಾಧಾನ" ಎನ್ನಬೇಕು. ಅಲ್ಲಿಗೆ ಮುಗಿಯಿತು. ತಪ್ಪು ಯಾರದು, ಏನಾಯಿತು, ಇನ್ನು ಮುಂದೇನು ಎಂದು ಕೇಳುವ ಹಾಗಿಲ್ಲ. ಮಾರನೆಯ ದಿನ ಅದೇ ವಿಷಯ ಎತ್ತಿದರೆ ಮಾವನವರು ಕಣ್ಣು ಕೆಂಪಗೆ ಮಾಡಿ, "ಮುಳುಗಿದ ಸೂರ್ಯನನ್ನ ಹಿಡಿದು ಎತ್ತಬೇಡಿ," ಎನ್ನುತ್ತಿದ್ದರು. ಅವರು ತೀರಿಕೊಳ್ಳುವಾಗ ದೊಡ್ಡ ಮಗನ ಕೈ ಹಿಡಿದು ಹೇಳಿದ್ದೂ ಇದನ್ನೇ: "ಮನೇಲಿ ಕೋಪ ರಾತ್ರಿ ಕಳೀಬಾರದು. ಚಿಕ್ಕವನನ್ನ ನೋಡ್ಕೋ."

ಹೀಗಾಗಿ ಈ ಮನೆಯಲ್ಲಿ ಜಗಳಕ್ಕೂ ಋತುಮಾನವಿತ್ತು. ಬೇಸಿಗೆಯಲ್ಲಿ ನಾಲ್ಕು ಮಾತು ಹೆಚ್ಚು ಆಡಬಹುದು. ಚಳಿಗಾಲದಲ್ಲಿ ವಿಷಯಕ್ಕೆ ಬರುವುದರೊಳಗೆ ಕತ್ತಲಾಗುತ್ತಿತ್ತು. ಬೆಳಿಗ್ಗೆ ಬೇಗ ಜಗಳ ತೆಗೆದರೆ ಮಾತ್ರ ಏನಾದರೂ ಫಲ ಉಂಟೆಂದು ಅವಳು ಮದುವೆಯಾದ ಹೊಸದರಲ್ಲೇ ಕಲಿತಳು. ಗಂಡ ಅದಕ್ಕಿಂತ ಮೊದಲೇ ಕಲಿತಿದ್ದ. ಅವಳಿಗೆ ಇಷ್ಟವಾಗದ ಸುದ್ದಿಯನ್ನೆಲ್ಲ ಅವನು ಸಂಜೆಗೆ ಕಾದಿಡುತ್ತಿದ್ದ. ಸಾಲದ್ದಕ್ಕೆ ಎದುರು ಕಟ್ಟಡದವರು ಇನ್ನೊಂದು ಮಹಡಿ ಎತ್ತಿದರು. ಅಂದಿನಿಂದ ಊರಿಗೆಲ್ಲ ಬಿಸಿಲಿರುವಾಗಲೇ ಈ ಮನೆಯಲ್ಲಿ ಸೂರ್ಯ ಮುಳುಗತೊಡಗಿದ. ಅವಳು ಅದನ್ನು ಪ್ರಶ್ನಿಸಿದಾಗ ಗಂಡ, "ನಮಗೆ ಕಾಣೋ ಸೂರ್ಯ ತಾನೇ ನಮ್ಮ ಸೂರ್ಯ?" ಎಂದಿದ್ದ. ಇಂಥವನ ಹತ್ತಿರ ವಾದ ಮಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಮೇಲು.

ಕೈ ಸುಟ್ಟ ದಿನವೂ ಅಷ್ಟೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಮದ್ದಿನ ಮಂಪರಿನಲ್ಲಿ ಮಲಗಿದ್ದಾಗ ಗಂಡ ತಮ್ಮನನ್ನು ಕರೆತಂದು, ಅವಳ ಬಲಗೈಯನ್ನು ಅವನ ಕೈಯಲ್ಲಿಟ್ಟ. ಕಿಟಕಿಯಲ್ಲಿ ಕೆಂಪು ಬೆಳಕಿತ್ತು. ಅವಳು "ಸಮಾಧಾನ" ಎಂದಳಂತೆ. ಅವಳಿಗೆ ನೆನಪೇ ಇಲ್ಲ. ಮನೆಗೆ ಬಂದು ರಟ್ಟಿನ ವಿಷಯ ಎತ್ತಿದಾಗ, "ಅವತ್ತೇ ಮುಗೀತಲ್ಲೇ, ಹೊಟ್ಟೆಗೆ ಹಾಕ್ಕೋ," ಎಂದ ಗಂಡ. ಹೊಟ್ಟೆಗೆ ಹಾಕಿಕೊಂಡಳು. ಇಷ್ಟು ವರ್ಷ ಹಾಕಿಕೊಂಡದ್ದೆಲ್ಲ ಹೊಟ್ಟೆಯಲ್ಲೇ ಇತ್ತು, ಒಂದೂ ಅರಗಿರಲಿಲ್ಲ. ಗ್ಲೌಸು ತಂದುಕೊಟ್ಟವನೂ ಅವನೇ. ಬಟ್ಟೆ ಕೊಡುವಾಗ ಗಿರಾಕಿಗಳು ಕೈ ನೋಡಿ ಗಾಬರಿಯಾಗುತ್ತಾರೆ ಎಂದಿದ್ದ.

ಮೈದುನ ಬಟ್ಟೆ ತಲುಪಿಸುವ ವ್ಯಾನು ನಿಲ್ಲಿಸಿ ಒಳಗೆ ಬಂದಾಗ ಬಿಸಿಲು ಇಳಿಯತೊಡಗಿತ್ತು. ತಂದೆ ಹೋದಾಗ ಚಿಕ್ಕ ಹುಡುಗನಾಗಿದ್ದವನು, ಅವಳ ಕೈಯಡುಗೆ ಉಂಡು ಬೆಳೆದವನು. ಈಗ ತಲೆ ಅಲ್ಲಲ್ಲಿ ನರೆತಿದ್ದರೂ ಮನೆಯಲ್ಲಿ ಅವನು ಇನ್ನೂ ಚಿಕ್ಕವನೇ. ಅವಳು ಕಾಯುತ್ತ ನಿಂತಿದ್ದಳು.

"ಬಾರಪ್ಪಾ. ಇದು ನಿಂದೇ ತಾನೇ?"

ಅವನು ರಟ್ಟನ್ನು ನೋಡಿ ಕೀಲಿಕೈಯನ್ನು ಮೊಳೆಗೆ ತಗಲಿಸುವುದರಲ್ಲಿ ಮಗ್ನನಾದ. "ಕೆಲಸ ಜಾಸ್ತಿ ಇತ್ತು ಅತ್ತಿಗೆ. ಇವತ್ತೊಂದಿನಕ್ಕೆ ಅಂತ."

"ಹೋದ ವರ್ಷಾನೂ ಅವತ್ತೊಂದಿನಕ್ಕೇ ಇತ್ತು."

ಅವನ ಮುಖ ಕಪ್ಪಿಟ್ಟಿತು. ಅಣ್ಣನ ಕಡೆ ತಿರುಗಿದ. ಅಣ್ಣ ಆಗಲೇ ಇಬ್ಬರ ನಡುವೆ ಬಂದು ನಿಂತಾಗಿತ್ತು.

"ನೋಡು, ಬೇಡ. ಇವತ್ತಿನ ಮಾತು ಇವತ್ತು. ಹಳೇದು ಯಾಕೆ? ಇನ್ಮೇಲೆ ರಟ್ಟು ಇಡಲ್ಲ ಅಂತಾನೆ. ಇಡಲ್ಲ ತಾನೇ?"

"ಇಡಲ್ಲ."

"ಆಯ್ತಲ್ಲ. ನಡಿ, ಮೇಲೆ ಹೋಗೋಣ, ಹೊತ್ತಾಯ್ತು."

"ಏನಾಯ್ತು?" ಎಂದಳು ಅವಳು. "ನಿಮಗೆ ಎಲ್ಲಾ ಹೇಗೆ ಇಷ್ಟು ಬೇಗ ಆಗಿಬಿಡುತ್ತೆ? ನನ್ನ ಕೈ ಹೋಯ್ತು, ಇರಲಿ. ಅದನ್ನ ನಾನು ಹೊತ್ಕೊಂಡು ತಿರುಗ್ತೀನಿ. ಆದ್ರೆ ಇವನು ನನ್ನ ಮಗಳಿಗೆ ಏನು ಹೇಳಿಕೊಟ್ಟಿದ್ದಾನೆ ಕೇಳಿದ್ರಾ? ಗಮನ ಇಟ್ಟರೆ ಏನೂ ಆಗಲ್ವಂತೆ, ಅಮ್ಮನ ಹಾಗೆ ಗಡಿಬಿಡಿ ಮಾಡಬಾರದಂತೆ! ಅವಳು ನಂಬಿಬಿಟ್ಟಿದ್ದಾಳೆ. ನಂಬಿ ಕೈ ಇಡ್ತಾಳೆ. ನಾನು ಕೇಳೋದು ಒಂದೇ ಒಂದು ಮಾತು. ಅವಳ ಮುಂದೆ ನಿಂತು, ಹೋದ ವರ್ಷ ಅದನ್ನ ಇಟ್ಟಿದ್ದು ನಾನೇ ಅಂತ ಇವನು ಹೇಳಲಿ. ಅಷ್ಟು ಹೇಳೋ ತನಕ ನಾನು ಇವತ್ತು ಕೈ ಕೊಡಲ್ಲ."

"ಕೈ ಕೊಡಲ್ವಾ?" ಗಂಡನಿಗೆ ಅವಳು ಮನೆಗೆ ಬೆಂಕಿಯಿಡುತ್ತೇನೆ ಎಂದಿದ್ದರೂ ಇಷ್ಟು ಗಾಬರಿಯಾಗುತ್ತಿರಲಿಲ್ಲ.

"ಕೊಡಲ್ಲ. ಇವತ್ತಲ್ಲ, ನಾಳೇನೂ ಅಲ್ಲ. ಬೇಕಾದಷ್ಟು ಸೂರ್ಯ ಮುಳುಗಲಿ."

ಮೇಲೆ ಊಟದ ಕೋಣೆಯಲ್ಲಿ ಎಂದಿನಂತೆ ಎಲ್ಲರೂ ಮೇಜಿನ ಸುತ್ತ ಸೇರಿದರು. ಸೇರದೆ ಹೋಗುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಮೇಜಿನ ಮೇಲೆ ಒಣಗಿದ ಕರವಸ್ತ್ರಗಳ ರಾಶಿಯೊಂದಿತ್ತು. ಮಗಳು ಅದನ್ನು ಪಕ್ಕಕ್ಕೆ ಸರಿಸಿದಳು. ಕಿಟಕಿಯಲ್ಲಿ ಸೂರ್ಯ ಎದುರು ಕಟ್ಟಡದ ನೀರಿನ ತೊಟ್ಟಿಯ ಮೇಲೆ ಕೂತಿದ್ದ.

ಗಂಡ ಒಮ್ಮೆ ಕಿಟಕಿ ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. "ಹಟ ಮಾಡಬೇಡ ಕಣೇ. ಕ್ಷಮಿಸೋದು ದೊಡ್ಡದು. ಯೇಸುಸ್ವಾಮಿ ಏನು ಹೇಳಿದ್ದಾರೆ?"

"ನಾನು ಕ್ಷಮಿಸಲ್ಲ ಅಂತ ಯಾವಾಗ ಅಂದೆ? ಏನನ್ನ ಕ್ಷಮಿಸಲಿ, ಅದನ್ನ ಹೇಳಿ. ಇವನು ಏನೂ ಮಾಡೇ ಇಲ್ಲ ಅಂತೀರಿ, ತಪ್ಪು ನಂದೇ ಅಂತ ಊರೆಲ್ಲ ಹೇಳಿದ್ದೀರಿ. ಹಾಗಾದ್ರೆ ಇವನೇ ನನ್ನ ಕ್ಷಮಿಸಬೇಕು. ಯಾಕಪ್ಪಾ, ಕ್ಷಮಿಸ್ತೀಯಾ ನನ್ನ?"

ಮೈದುನ ನೆಲ ನೋಡಿದ.

"ಇಲ್ಲದ ತಪ್ಪನ್ನ ಎಲ್ಲಿಂದ ತಂದು ಕ್ಷಮಿಸಲಿ ನಾನು? ಕಲೆ ಹಾಗೇ ಬಿಟ್ಟು ಮೇಲೆ ಇಸ್ತ್ರಿ ಎಳೆದ್ರೆ ಅದು ಇನ್ನೆಂದೂ ಹೋಗಲ್ಲ ಅಂತ ಬೆಳಿಗ್ಗೆ ಆ ಟೀಚರಮ್ಮನಿಗೆ ಪಾಠ ಹೇಳ್ತಿದ್ರಲ್ಲ."

"ಬಟ್ಟೆ ಬೇರೆ, ಮನುಷ್ಯರು ಬೇರೆ," ಎಂದ ಗಂಡ.

"ಹೌದು, ಬಟ್ಟೆ ಮೇಲೆ ನಿಮಗೆ ಕರುಣೆ ಜಾಸ್ತಿ."

ಮಗಳಿಗೆ ನಗು ಬಂತು. ಅಪ್ಪನ ಮುಖ ನೋಡಿ ತಡೆದುಕೊಂಡಳು. ಗಂಡ ಇನ್ನು ಮಾತಿನಲ್ಲಿ ಗೆಲ್ಲುವುದಿಲ್ಲವೆಂದು ಗೊತ್ತಾಗಿ ಕಪಾಟಿನಿಂದ ಸುವಾರ್ತೆಯ ಪುಸ್ತಕ ತೆಗೆದ. ಕಷ್ಟದ ಸಂಜೆಗಳಿಗೆಂದು ಅವನು ಗುರುತಿಟ್ಟುಕೊಂಡ ಪುಟವೊಂದಿತ್ತು. ಸತ್ತು ಎದ್ದ ಯೇಸು, ಭಯಕ್ಕೆ ಬಾಗಿಲು ಹಾಕಿಕೊಂಡು ಕೂತ ಶಿಷ್ಯರ ನಡುವೆ ಬಂದು ನಿಂತು, ನಿಮಗೆ ಸಮಾಧಾನವಾಗಲಿ ಎನ್ನುವ ಭಾಗ. ಎಂಥ ಜಗಳವಿದ್ದರೂ ಅದನ್ನು ಓದಿಸಿದರೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು.

"ಓದಮ್ಮ," ಎಂದು ಪುಸ್ತಕವನ್ನು ಮಗಳ ಮುಂದೆ ಇಟ್ಟ.

ಮಗಳು ಓದಿದಳು. ಮುಚ್ಚಿದ ಬಾಗಿಲು, ಹೆದರಿದ ಜನ, ನಡುವೆ ಬಂದು ನಿಂತವನು, ಅವನು ಆಡಿದ ಮಾತು.

"ಸಾಕು," ಎಂದ ಗಂಡ. ಅವನು ಯಾವಾಗಲೂ ನಿಲ್ಲಿಸುತ್ತಿದ್ದದ್ದು ಅಲ್ಲಿಗೇ. "ಕೇಳಿದ್ಯಲ್ಲ? ಅವರೆಲ್ಲ ಅವನನ್ನ ಬಿಟ್ಟು ಓಡಿಹೋಗಿದ್ದೋರು. ಯಾಕೆ ಓಡಿದ್ರಿ ಅಂತ ಕೇಳಿದ್ನಾ? ಬಂದ, ಸಮಾಧಾನ ಅಂದ, ಮುಗೀತು."

"ಮುಂದಕ್ಕೆ ಓದು," ಎಂದಳು ಅವಳು.

ಅವಳು ಏನೋ ಹೊಳೆದು ಹೇಳಿದ್ದಲ್ಲ. ಅವನು ಮುಗೀತು ಎಂದದ್ದಕ್ಕೆ, ಆ ಪದ ಕೇಳಿ ಕೇಳಿ ರೇಗಿ ಹೇಳಿದ್ದು. ಸಾಕು ಎಂದರೆ ಸಾಕಾಗಿಬಿಡಬೇಕೇ?

"ಅದು ಬೇರೆ ವಿಷಯ," ಎಂದ ಗಂಡ.

"ಬೇರೆ ಅಲ್ಲಪ್ಪ, ಅದೇ ಸಾಲು ಮುಂದುವರಿದಿದೆ," ಎಂದಳು ಮಗಳು. ಬೆರಳಿಟ್ಟು ಓದಿದಳು. ಹಾಗೆಂದವನು ಸುಮ್ಮನಾಗಲಿಲ್ಲ. ಆ ಮಾತು ಹೇಳಿ ಮೊಳೆಯ ಗಾಯವಿದ್ದ ತನ್ನ ಕೈಗಳನ್ನು ಅವರಿಗೆ ತೋರಿಸಿದ. ಈಟಿ ತಿವಿದ ಪಕ್ಕೆಯನ್ನೂ ತೋರಿಸಿದ. ಆಮೇಲೆ ಅವರಿಗೆ ಸಂತೋಷವಾಯಿತು.

ಹುಟ್ಟಿದಾಗಿನಿಂದ ಕೇಳಿದ ಭಾಗ ಅದು. ಆದರೆ ಆ ಎರಡು ಸಾಲಿನ ನಡುವೆ ಏನಿದೆ ಎಂದು ಅವಳು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದಾಗ ಅವಳಿಗೆ ಭಕ್ತಿ ಬರಲಿಲ್ಲ. ಮೈಯೆಲ್ಲ ಉರಿಯುವ ಸಿಟ್ಟು ಬಂತು.

"ನೋಡಿದ್ರಾ!" ಎಂದಳು. "ಇಷ್ಟು ವರ್ಷ ಅರ್ಧಕ್ಕೇ ನಿಲ್ಲಿಸಿ ನನ್ನ ಬಾಯಿ ಮುಚ್ಚಿಸಿದ್ರಲ್ಲ. ಮುಂದೇನಿತ್ತು ನೋಡಿದ್ರಾ? ಅವನು ಕೈ ತೋರಿಸ್ದ. ಹತ್ತಿ ಗ್ಲೌಸು ಹಾಕ್ಕೊಂಡು ಬಂದು ಸಮಾಧಾನ ಅನ್ನಲಿಲ್ಲ."

"ಏನು ಮಾತಾಡ್ತೀಯ? ಸ್ವಾಮಿಗೆ ನಿನ್ನ ಹೋಲಿಸ್ಕೋತೀಯಾ?"

"ನಾನ್ಯಾಕೆ ಹೋಲಿಸ್ಕೊಳ್ಳಲಿ? ಅವನೇ ಮುಚ್ಚಿಡಲಿಲ್ಲ ಅಂದ ಮೇಲೆ ನಂದೇನು ಹೆಚ್ಚುಗಾರಿಕೆ ಮುಚ್ಚಿಡೋಕೆ?"

ಅವಳು ಗ್ಲೌಸಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಅದು ಸಲೀಸಾಗಿ ಬರಲಿಲ್ಲ. ಮಡಚದ ಬೆರಳಿಗೆ ಸಿಕ್ಕಿಕೊಂಡಿತು. ಮಗಳು ಸಹಾಯಕ್ಕೆ ಕೈ ಚಾಚಿದಳು, ಅವಳು ತಲೆ ಅಲ್ಲಾಡಿಸಿದಳು. ಕೊನೆಗೆ ಬಂತು. ಕೈಯನ್ನು ಮೇಜಿನ ಮೇಲೆ ಮೈದುನನ ಎದುರಿಗೆ ಅಂಗಾತ ಇಟ್ಟಳು. ಆಮೇಲೆ ಮಗುಚಿದಳು. ಹಿಂಗೈಯ ಚರ್ಮ ಮಿರಮಿರ ಮಿಂಚುತ್ತ ಎಳೆದುಕೊಂಡಿತ್ತು. ಉಂಗುರದ ಬೆರಳೂ ಕಿರುಬೆರಳೂ ಒಂದಕ್ಕೊಂದು ಒರಗಿ ಬಿಗಿದು ನಿಂತಿದ್ದವು. ಮಣಿಕಟ್ಟಿನಿಂದ ಸ್ವಲ್ಪ ಮೇಲೆ ಕಾಲರಿನ ಅಂಚು ಒತ್ತಿದ ಗುರುತು ನೆಟ್ಟಗೆ ಗೆರೆಯ ಹಾಗಿತ್ತು.

"ನೋಡು," ಎಂದಳು.

ಮೈದುನ ನೋಡಿದ. ಗಾಯದ ಕಟ್ಟು ಬಿಚ್ಚಿದ ಮೇಲೆ ಅವನು ಆ ಕೈಯನ್ನು ನೋಡಿರಲಿಲ್ಲ. ಒಂದೇ ಮನೆಯಲ್ಲಿದ್ದು, ಒಂದೇ ಮೇಜಿನಲ್ಲಿ ಉಣ್ಣುತ್ತ, ಇಷ್ಟು ದಿನ ಒಂದು ಗ್ಲೌಸಿನ ಜೊತೆ ಬದುಕಿದ್ದ.

"ಹೌದು!" ಎಂದು ಕೂಗಿದ. ಆ ಕೂಗಿಗೆ ಅವನೇ ಬೆಚ್ಚಿದ. "ಹೌದು, ನಾನೇ ಇಟ್ಟಿದ್ದು! ಅವತ್ತೂ ನಾನೇ. ತೆಗೆಯೋಕೆ ಮರೆತು ಊಟಕ್ಕೆ ಹೋದೆ. ನಿಮ್ಮ ಅಮ್ಮಂದು ಏನೂ ತಪ್ಪಿಲ್ಲ ಪುಟ್ಟಿ. ಎಲ್ಲಾ ನಂದೇ. ಸಾಕಾ ಅತ್ತಿಗೆ? ಸಾಕಾ?"

ಅವಳು ಇದಕ್ಕಾಗಿ ಒಂದು ವರ್ಷ ಕಾದಿದ್ದಳು. ಬಂದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. "ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿನಗೆ?" ಎಂದಳು. ದನಿ ಅಂದುಕೊಂಡಷ್ಟು ಗಟ್ಟಿಯಾಗಿ ಬರಲಿಲ್ಲ.

"ನಾನು ಅವತ್ತೇ ಹೇಳೋಕೆ ಬಂದೆ! ಆಸ್ಪತ್ರೆಗೆ ಬಂದಿದ್ದು ಮತ್ಯಾಕೆ? ಅತ್ತಿಗೆ, ನಾನು, ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅಣ್ಣ ನಿಮ್ಮ ಕೈ ತಂದು ನನ್ನ ಕೈಲಿಟ್ಟು ಸಮಾಧಾನ ಅನ್ನು ಅಂದ. ಅಂದೆ. ಮುಗೀತು ಅಂದ. ಹೇಳದೇನೇ ಮುಗಿದುಹೋಯ್ತು. ಆಮೇಲೆ ಎಷ್ಟು ಸಲ ಹೇಳೋಕೆ ಹೋದ್ರೂ ಇವನು, ಮುಗಿದದ್ದನ್ನ ಕೆದಕಬೇಡ, ಅವಳಿಗೆ ನೋವಾಗುತ್ತೆ ಅಂತ ತಡೀತಿದ್ದ. ಕೊನೆಗೆ ನನಗೂ ಅದೇ ಸುಲಭ ಅನ್ನಿಸ್ತು. ನಿಮ್ಮದೇ ತಪ್ಪು ಅಂತ ನಾನೇ ನಂಬೋಕೆ ಶುರು ಮಾಡಿದೆ. ಇಲ್ದಿದ್ರೆ ಇವತ್ತು ಅದನ್ನ ಮತ್ತೆ ಇಡ್ತಿದ್ನಾ?"

"ತಡೀತಿದ್ರು ಅಂದ್ರೆ?" ಅವಳು ಗಂಡನ ಕಡೆ ನಿಧಾನವಾಗಿ ತಿರುಗಿದಳು. "ನನ್ನ ಮಾತು ನಿಜ ಅಂತ ನಿಮಗೆ ಗೊತ್ತಿತ್ತಾ?"

ಗಂಡ ಕರವಸ್ತ್ರದ ರಾಶಿಯಿಂದ ಒಂದನ್ನು ಎತ್ತಿಕೊಂಡು ಮಡಚತೊಡಗಿದ.

"ಆ ರಟ್ಟು ಅಣ್ಣನಿಗೇ ಸಿಕ್ಕಿತ್ತು," ಎಂದ ಮೈದುನ. "ನನ್ನ ಅಂಗಿ ಜೇಬಲ್ಲಿ. ಮಾರನೇ ದಿನ."

ಅದು ಸಿಗದೆ ಇರುವುದಾದರೂ ಹೇಗೆ? ಜೇಬು ತಡವದೆ ಒಂದೇ ಒಂದು ಬಟ್ಟೆಯನ್ನೂ ನೀರಿಗೆ ಬಿಡದ ಮನುಷ್ಯ ಅವನು. ಗಿರಾಕಿಗಳ ಪೆನ್ನು, ಟಿಕೆಟ್ಟು, ಉಂಗುರ, ಎಲ್ಲವನ್ನೂ ಜೋಪಾನವಾಗಿ ತೆಗೆದಿಟ್ಟು ಹಿಂದಿರುಗಿಸುವವನು. ಇದೊಂದನ್ನು ಮಾತ್ರ ಹಿಂದಿರುಗಿಸಿರಲಿಲ್ಲ.

"ಗೊತ್ತಿದ್ದೂ," ಎಂದಳು ಅವಳು. "ಗೊತ್ತಿದ್ದೂ ನನ್ನ ಮಗಳಿಗೆ ಫೋನು ಮಾಡಿ ನಿಮ್ಮಮ್ಮನ ಅಜಾಗರೂಕತೆ ಅಂದ್ರಿ. ಸಭೆಯಲ್ಲಿ ಅಂದ್ರಿ. ಡಾಕ್ಟರ ಹತ್ರ ಅಂದ್ರಿ. ನನಗೇ ಅಂದ್ರಿ! ಇನ್ನು ಮೇಲೆ ನೋಡ್ಕೊಂಡು ಕೆಲಸ ಮಾಡು ಅಂತ ನನಗೇ ಬುದ್ಧಿ ಹೇಳಿದ್ರಿ!"

"ಅವನು ಸಣ್ಣೋನು. ಅಪ್ಪ ನನ್ನ ಕೈಲಿ ಕೊಟ್ಟು ಹೋದ್ರು. ನೀನು ದೊಡ್ಡೋಳು, ತಡ್ಕೋತೀಯ ಅಂತ..."

"ತಡ್ಕೊಳ್ಳೋಕೆ ನಾನೇನು ಗೋಡೇನಾ?"

"ಜಗಳ ಆಗಬಾರದು ಅಂತ ಕಣೇ. ನಮ್ಮಪ್ಪ ಕೋಪ ಬಂದ್ರೆ ಏನು ಮಾಡ್ತಿದ್ರು ಅಂತ ನಿನಗೆ ಗೊತ್ತಿಲ್ಲ. ಆ ಸಮಾಧಾನ ಕಲಿಯೋಕೆ ಮುಂಚಿನ ಅಪ್ಪನ್ನ ನೀನು ನೋಡಿಲ್ಲ." ಅವನ ಕೈಯಲ್ಲಿದ್ದ ಕರವಸ್ತ್ರ ಮಡಚಿ ಮಡಚಿ ಇನ್ನು ಮಡಚಲಾಗದಷ್ಟು ಚಿಕ್ಕದಾಗಿತ್ತು. "ಅವರು ಅದನ್ನ ಕಲಿತ ಮೇಲೆ ಹೊತ್ತು ಮುಳುಗಲಿ ಅಂತ ಕಾಯ್ತಾ ಇದ್ದೆ ನಾನು, ಹುಡುಗನಾಗಿದ್ದಾಗ. ಮುಳುಗಿದ್ರೆ ಮುಗೀತು, ಇವತ್ತಿಗೆ ಹೊಡೆತ ಇಲ್ಲ ಅಂತ."

ಅವಳಿಗೆ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಇಂಥ ಗಳಿಗೆಯಲ್ಲೂ ಈ ಮನುಷ್ಯ ಕರುಣೆ ಹುಟ್ಟಿಸದೆ ಬಿಡುವುದಿಲ್ಲವಲ್ಲ!

"ಆ ಗ್ಲೌಸು?" ಎಂದು ಮಗಳು ಇದ್ದಕ್ಕಿದ್ದಂತೆ ಕೇಳಿದಳು. "ಅದು ಗಿರಾಕಿಗಳಿಗೋಸ್ಕರಾನೇ ತಂದಿದ್ದಾ ಅಪ್ಪಾ?"

ಅವನು ಆ ಕರವಸ್ತ್ರವನ್ನು ಬಿಚ್ಚಿ ರಾಶಿಯ ಮೇಲೆ ಇಟ್ಟ.

"ನನಗೆ ನೋಡೋಕಾಗ್ತಿರಲಿಲ್ಲ," ಎಂದ.

"ಈಗ ನೋಡಿ," ಎಂದಳು ಅವಳು.

ಅವನು ಕಣ್ಣೆತ್ತಲಿಲ್ಲ. ಅಭ್ಯಾಸ ಬಲದಿಂದ, ಅಥವಾ ಹೆದರಿಕೆಯಿಂದ, ಅವನ ಬಲಗೈ ಮೇಜಿನ ಮೇಲೆ ಅವಳ ಬಲಗೈಯ ಕಡೆ ಸರಿಯಿತು. "ಸಮಾ..." ಎಂದು ಶುರು ಮಾಡಿದ.

"ಬೇಡ," ಎಂದಳು. "ಆ ಮಾತು ಇವತ್ತು ಆಡಬೇಡಿ. ಮೊದಲಿಂದ ಹೇಳಿ. ಜೇಬಲ್ಲಿ ಸಿಕ್ಕಿದ್ದು ಯಾವಾಗ, ಏನು ಮಾಡಿದ್ರಿ, ಎಲ್ಲಿ ಎಸೆದ್ರಿ, ಅವತ್ತು ರಾತ್ರಿ ನನ್ನ ಪಕ್ಕ ಕೂತು ಏನು ಯೋಚನೆ ಮಾಡ್ತಿದ್ರಿ. ಎಲ್ಲಾ ಬೇಕು ನನಗೆ. ಮುಗೀತು ಅಂತ ಒಂದು ಸಲ ಅಂದ್ರೂ ನಾನು ಎದ್ದು ಹೋಗ್ತೀನಿ. ಆಮೇಲೆ ನೀನು," ಎಂದು ಮೈದುನನ ಕಡೆ ತಿರುಗಿದಳು. "ನಿಂದೂ ಇದೆ. ಒಂದು ಸಲ ಕೂಗಿಬಿಟ್ಟೆ, ಆಗೋಯ್ತು ಅಂದ್ಕೋಬೇಡ."

"ಅಂದ್ಕೊಂಡಿಲ್ಲ ಅತ್ತಿಗೆ," ಎಂದ ಅವನು. ಕುರ್ಚಿ ಎಳೆದು ಕೂತ.

ಗಂಡ ಹೇಳತೊಡಗಿದ. ಮೊದಲು ಅಂಗಡಿಯ ಲೆಕ್ಕದಲ್ಲಿ, ಸುತ್ತಿ ಬಳಸಿ, ಎರಡೂ ಕಡೆಯವರನ್ನು ಒಪ್ಪಿಸುವ ಹಾಗೆ. ಅವಳು ಪ್ರತಿ ವಾಕ್ಯಕ್ಕೂ ತಡೆದಳು. "ಹಾಗಲ್ಲ. ನೆಟ್ಟಗೆ ಹೇಳಿ." ಅವನು ಮತ್ತೆ ಶುರು ಮಾಡಿದ. ಒಂದು ಕಡೆ ಮೈದುನ, "ಇಲ್ಲ, ನೀನು ಹಾಗನ್ನಲಿಲ್ಲ," ಎಂದು ತಿದ್ದಿದ. ಇನ್ನೊಂದು ಕಡೆ ಅವಳು ಅತ್ತಳು, ಅಳುತ್ತಲೇ ಬೈದಳು. ಯಾರೋ ಮೇಜು ಗುದ್ದಿದರು. ಈ ಮನೆಯಲ್ಲಿ ಇಷ್ಟು ದೊಡ್ಡ ಗಲಾಟೆ ಮಾವನವರು ತೀರಿಕೊಂಡ ಮೇಲೆ ಆಗಿರಲಿಲ್ಲ. ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ತಲೆಯೆತ್ತಿ ನೋಡಿರಬೇಕು.

ಮಗಳಿಗೆ ಅಮ್ಮನ ಮುಖ ಸರಿಯಾಗಿ ಕಾಣದಾದಾಗಲೇ ಕೋಣೆ ಕತ್ತಲಾಗಿದೆಯೆಂದು ತಿಳಿದದ್ದು. ಎದ್ದು ದೀಪ ಹಾಕಿದಳು. ಎಲ್ಲರೂ ಒಮ್ಮೆ ಕಣ್ಣು ಕಿರಿದು ಮಾಡಿದರು. ಗಂಡ ಕಿಟಕಿಯ ಕಡೆ ನೋಡಿದ. ಎದುರು ಕಟ್ಟಡದ ಕಿಟಕಿಗಳಲ್ಲೆಲ್ಲ ಆಗಲೇ ದೀಪ ಹತ್ತಿತ್ತು. ಅವನ ಬಾಯಿ ಅರ್ಧ ತೆರೆದುಕೊಂಡಿತು, ಏನೋ ದೊಡ್ಡ ವಸ್ತುವನ್ನು ಬಸ್ಸಿನಲ್ಲಿ ಮರೆತು ಬಂದವನ ಹಾಗೆ. ಆಮೇಲೆ ಅವನು ತಿರುಗಿ ಮೇಜಿನ ಮೇಲಿದ್ದ ಆ ಕೈಯನ್ನು ನೋಡಿದ. ಕಣ್ಣು ತೆಗೆಯದೆ ನೋಡಿದ. ಮೆಲ್ಲಗೆ ತನ್ನ ಬೆರಳನ್ನು ತಂದು, ಮಡಚದ ಆ ಎರಡು ಬೆರಳುಗಳ ಮೇಲೆ ಇಟ್ಟ. ಅವಳು ಕೈ ಎಳೆದುಕೊಳ್ಳಲಿಲ್ಲ.

"ಇಲ್ಲಿ ನೋವಿದೆಯಾ?"

"ಅಲ್ಲಿಲ್ಲ. ಸ್ವಲ್ಪ ಮೇಲೆ. ಚಳಿ ಬಿದ್ದಾಗ."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: "ಅಮ್ಮಾ, ಊಟಕ್ಕೆ ಇಡ್ಲಾ?"

"ಇರು," ಎಂದಳು ಅವಳು, ಗಂಡನ ಮುಖದಿಂದ ಕಣ್ಣು ಕೀಳದೆ. "ಇನ್ನೂ ಮುಗಿದಿಲ್ಲ."

ಯಾರೂ ಮೇಲೇಳಲಿಲ್ಲ.